ಕೇಳಿ ತಿಳಿಯುವ ಜಾಣ್ಮೆ: ಕಪ್ಸ್‌ನ ಕಾಲು ಶತಮಾನ

ಯೂನಿಕ್ಸ್ ಬಳಗದ ಕಂಪ್ಯೂಟರ್‌ಗಳಿಗೆಂದು ಹುಟ್ಟಿದ ಕಪ್ಸ್ ಮುದ್ರಣ ವ್ಯವಸ್ಥೆ ಕಾಲು ಶತಮಾನ ದಾಟಿದೆ. ಮೈಕೆಲ್ ಸ್ವೀಟ್ ತಮ್ಮ ಈಸಿ ಸಾಫ್ಟ್‌ವೇರ್ ಪ್ರಾಡಕ್ಟ್ಸ್ ಸಂಸ್ಥೆಯಲ್ಲಿ 1997ರಲ್ಲಿ ಕೈಗೆತ್ತಿಕೊಂಡ ಕೆಲಸ 1999ರಲ್ಲಿ ಜನರ ಬಳಕೆಗೆ ಬಂತು. ಇವತ್ತು ಲಿನಕ್ಸ್‌ನಲ್ಲಾಗಲಿ ಮ್ಯಾಕ್‌ನಲ್ಲಾಗಲಿ ‘ಪ್ರಿಂಟ್’ ಒತ್ತಿದರೆ ಆ ಕೆಲಸ ಬಹುಮಟ್ಟಿಗೆ ಇದರ ಮೂಲಕವೇ ಹಾದುಹೋಗುತ್ತದೆ. ಬಳಕೆದಾರರು ಅದರ ಹೆಸರನ್ನೂ ಕೇಳಿರಬೇಕಿಲ್ಲ. ಪ್ರೋಗ್ರಾಮರುಗಳಿಗೆ ಮಾತ್ರ ಅದು ಲಿಬ್‌ಕಪ್ಸ್ ಎಂಬ ಲೈಬ್ರರಿಯಾಗಿ ಎದುರಾಗುತ್ತದೆ: ತಮ್ಮ ತಂತ್ರಾಂಶದಿಂದ ಕರೆಯಬಹುದಾದ ಫಂಕ್ಷನ್‌ಗಳ ಒಂದು ಕಟ್ಟು. ಆ ಕಟ್ಟನ್ನು ಬಿಚ್ಚಿ, ಇಷ್ಟು ವರ್ಷಗಳಲ್ಲಿ ಬಂದದ್ದೇನು, ಹೋದದ್ದೇನು, ಬಾಕಿ ಉಳಿದದ್ದೇನು ಎಂದು ನೋಡುವ ಹೊತ್ತು ಇದು.

ಲೆಕ್ಕದ ಮೊತ್ತವನ್ನು ಮೊದಲೇ ಹೇಳಿಬಿಡುತ್ತೇವೆ. ಒಂದು ಪ್ರಿಂಟರ್‌ಗೆ ಏನೇನು ಬರುತ್ತದೆ ಎಂಬ ತಿಳಿವಳಿಕೆ ಎಲ್ಲಿರಬೇಕು? ಈ ಪ್ರಶ್ನೆಯ ಉತ್ತರ ಎರಡು ಸಲ ಬದಲಾಗಿದೆ. ಮೊದಲು ಅದು ಆಯಾ ತಂತ್ರಾಂಶದ ಹೊಟ್ಟೆಯಲ್ಲಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಕೂರುವ ಡ್ರೈವರ್ ಮತ್ತು ವಿವರಣೆಯ ಫೈಲಿಗೆ ಬಂತು. ಈಗ ಅದು ಪ್ರಿಂಟರ್‌ನಲ್ಲೇ ಇದೆ. ಲೈಬ್ರರಿ ಅದನ್ನು ಕೇಳಿ ತಿಳಿಯುತ್ತದೆ. ಕಪ್ಸ್‌ನ ಗೆಲುವುಗಳೆಲ್ಲ ಈ ಕೇಳುವ ಅಭ್ಯಾಸದಿಂದ ಬಂದವು. ಅದರ ದೊಡ್ಡ ಪೆಟ್ಟೂ ಅಲ್ಲಿಂದಲೇ ಬಂತು: ಕೇಳಿದ್ದನ್ನೆಲ್ಲ ನಂಬಿದ್ದರಿಂದ.

ಹಿಂದಿನ ಮನೆ

ಡಾಸ್ ಕಾಲದಲ್ಲಿ ವರ್ಡ್‌ಪರ್ಫೆಕ್ಟ್‌ನಂಥ ತಂತ್ರಾಂಶಗಳು ತಮ್ಮ ಪ್ರಿಂಟರ್ ಡ್ರೈವರ್‌ಗಳನ್ನು ತಾವೇ ಹೊತ್ತು ತರುತ್ತಿದ್ದವು. ಒಂದು ತಂತ್ರಾಂಶದಲ್ಲಿ ಚೆನ್ನಾಗಿ ಪ್ರಿಂಟ್ ಆಗುವ ಯಂತ್ರ ಇನ್ನೊಂದರಲ್ಲಿ ಕೈಕೊಡುತ್ತಿತ್ತು. ವಿಂಡೋಸ್ ಆ ಭಾರವನ್ನು ತಾನು ಹೊತ್ತಿತು. ಪ್ರೋಗ್ರಾಮರ್ ‘ಸ್ಟಾರ್ಟ್‌ಡಾಕ್’, ‘ಸ್ಟಾರ್ಟ್‌ಪೇಜ್’ ಎಂದು ಕರೆದು, ಪರದೆಯ ಮೇಲೆ ಬರೆದ ಹಾಗೆಯೇ ಕಾಗದದ ಮೇಲೂ ಬರೆದು, ‘ಎಂಡ್‌ಪೇಜ್’, ‘ಎಂಡ್‌ಡಾಕ್’ ಎಂದು ಮುಗಿಸುತ್ತಿದ್ದ. ಡ್ರೈವರ್ ಎಲ್ಲ ತಂತ್ರಾಂಶಗಳ ಸಾಮಾನ್ಯ ಆಸ್ತಿಯಾಯಿತು.

ಯೂನಿಕ್ಸ್‌ನ ದಾರಿ ಬೇರೆ. ಬರ್ಕ್ಲಿಯ ಶಾಖೆಯಲ್ಲಿ ‘ಎಲ್‌ಪಿಆರ್’ ಎಂಬ ಆದೇಶ, ಸಿಸ್ಟಮ್ ಫೈವ್ ಶಾಖೆಯಲ್ಲಿ ‘ಎಲ್‌ಪಿ’. ಎರಡೂ ಫೈಲನ್ನು ಸರದಿಗೆ ಹಾಕಿ ಕೈತೊಳೆದುಕೊಳ್ಳುತ್ತಿದ್ದವು. ನೆಟ್‌ವರ್ಕ್ ಮೂಲಕ ಕಳಿಸಲು ಬಳಕೆಯಲ್ಲಿದ್ದ ಎಲ್‌ಪಿಡಿ ಪ್ರೋಟೊಕಾಲನ್ನು 1990ರಲ್ಲಿ ಆರ್‌ಎಫ್‌ಸಿ 1179 ಎಂಬ ಹೆಸರಲ್ಲಿ ಬರೆದಿಟ್ಟರು. ಅದರಲ್ಲಿದ್ದದ್ದು ಐದೇ ಆದೇಶ. ಪ್ರಿಂಟರ್‌ಗೆ ಯಾವ ಅಳತೆಯ ಹಾಳೆ ಹಿಡಿಸುತ್ತದೆ, ಎರಡೂ ಮಗ್ಗುಲಲ್ಲಿ ಮುದ್ರಿಸುತ್ತದೆಯೇ ಎಂದು ಕೇಳಲು ಒಂದೂ ಇರಲಿಲ್ಲ. ಸರದಿಯ ಸ್ಥಿತಿ ಕೇಳಿದರೆ ಸಿಗುತ್ತಿದ್ದದ್ದು ಮನುಷ್ಯರು ಓದುವ ಸಾಲುಗಳು. ಅದಕ್ಕೊಂದು ಗೊತ್ತಾದ ಚೌಕಟ್ಟು ಇಲ್ಲದ ಕಾರಣ ಒಂದು ಕಂಪನಿಯ ಉತ್ತರ ಇನ್ನೊಂದರಂತೆ ಇರುತ್ತಿರಲಿಲ್ಲ. ಪ್ರೋಗ್ರಾಮರ್ ಆ ಸಾಲುಗಳನ್ನು ಹರಿದು ನೋಡಿ ಅರ್ಥ ಊಹಿಸಬೇಕಿತ್ತು.

ಸ್ವೀಟ್ ಕೂಡ ಮೊದಲು ಎಲ್‌ಪಿಡಿಯ ಮೇಲೆಯೇ ಕಟ್ಟಲು ಹೊರಟಿದ್ದರು. ಅದರ ಮಿತಿಗಳು ಗೊತ್ತಾದ ಮೇಲೆ ಆಗಷ್ಟೇ ರೂಪುಗೊಳ್ಳುತ್ತಿದ್ದ ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೊಕಾಲ್, ಅಂದರೆ ಐಪಿಪಿಯ ಕಡೆ ಹೊರಳಿದರು. ವೆಬ್ ಪುಟಗಳನ್ನು ತರುವ ಎಚ್‌ಟಿಟಿಪಿಯನ್ನೇ ವಾಹನ ಮಾಡಿಕೊಂಡು, 631ನೇ ಪೋರ್ಟಿನಲ್ಲಿ ಕುಳಿತ ಪ್ರೋಟೊಕಾಲ್ ಅದು. ಹಳೆಯ ‘ಎಲ್‌ಪಿ’, ‘ಎಲ್‌ಪಿಆರ್’ ಎರಡನ್ನೂ ಕಪ್ಸ್ ಉಳಿಸಿಕೊಂಡಿತು. ಹಾಗಾಗಿ ಹಳೆಯ ಕೈಗಳಿಗೆ ಏನೂ ಬದಲಾದಂತೆ ಕಾಣಲಿಲ್ಲ. ಒಳಗೆ ಮಾತ್ರ ಮನೆಯೇ ಬೇರೆಯಾಗಿತ್ತು.

ನಾಲ್ಕು ಕೆಲಸ

ಲಿಬ್‌ಕಪ್ಸ್‌ನಲ್ಲಿ ನೂರಾರು ಫಂಕ್ಷನ್‌ಗಳಿವೆ. ತಿರುಳು ನಾಲ್ಕೇ: ಹುಡುಕುವುದು, ವಿಚಾರಿಸುವುದು, ಒಪ್ಪಿಸುವುದು, ಬೆನ್ನುಹತ್ತುವುದು.

ಹುಡುಕುವ ಕೆಲಸಕ್ಕೆ ಬಹುಕಾಲದಿಂದ ಇರುವುದು ‘ಕಪ್ಸ್‌ಗೆಟ್‌ಡೆಸ್ಟ್ಸ್’. ಕರೆದರೆ ಪ್ರಿಂಟರ್‌ಗಳ ಪಟ್ಟಿ ಕೈಗೆ ಬರುತ್ತದೆ, ರೂಢಿಯಲ್ಲಿ ಬಳಸುವುದು ಯಾವುದು ಎಂಬ ಗುರುತಿನ ಸಮೇತ. ಪ್ರಿಂಟರ್‌ಗಳು ಗೋಡೆಯ ಬದಿಗೆ ಬೇರುಬಿಟ್ಟಿದ್ದ ಕಾಲಕ್ಕೆ ಇಷ್ಟು ಸಾಕಿತ್ತು. ವೈಫೈ ಬಂದ ಮೇಲೆ ಪ್ರಿಂಟರ್‌ಗಳು ನೆಟ್‌ವರ್ಕಿಗೆ ಬಂದು ಹೋಗುವ ನೆಂಟರಾದವು. 2012ರ 1.6ನೇ ಆವೃತ್ತಿಯಲ್ಲಿ ಸೇರಿದ ‘ಕಪ್ಸ್‌ಎನ್ಯೂಮ್‌ಡೆಸ್ಟ್ಸ್’ ಒಂದೊಂದು ಪ್ರಿಂಟರ್ ಕಂಡಾಗಲೂ, ಕಾಣೆಯಾದಾಗಲೂ ಪ್ರೋಗ್ರಾಮರ್ ಕೊಟ್ಟ ಫಂಕ್ಷನನ್ನು ಕೂಗಿ ತಿಳಿಸುತ್ತದೆ. ಎಲ್ಲರೂ ಉತ್ತರಿಸುವವರೆಗೆ ಕಿಟಕಿ ಹೆಪ್ಪುಗಟ್ಟಿ ನಿಲ್ಲಬೇಕಾಗಿಲ್ಲ.

ವಿಚಾರಿಸುವುದು ಎರಡನೆಯದು, ನಮ್ಮ ದೃಷ್ಟಿಯಲ್ಲಿ ಲೈಬ್ರರಿಯ ಜೀವ. ‘ಕಪ್ಸ್‌ಕಾಪಿಡೆಸ್ಟ್‌ಇನ್ಫೊ’ ಪ್ರಿಂಟರ್‌ನ ಗುಣಲಕ್ಷಣಗಳನ್ನು ತರಿಸಿಕೊಳ್ಳುತ್ತದೆ. ಅದರ ಮೇಲೆ ಮೂರು ಬಗೆಯ ಪ್ರಶ್ನೆ ಕೇಳಬಹುದು: ಏನೇನು ಸಾಧ್ಯ, ಹೇಳದಿದ್ದರೆ ಏನು ಮಾಡುತ್ತೀ, ಈ ಗಳಿಗೆಯಲ್ಲಿ ಏನು ಸಿದ್ಧವಿದೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ದರ್ಶಿನಿಯ ಗೋಡೆಯ ಬೋರ್ಡಿಗೂ ‘ಏನಿದೆ?’ ಎಂದರೆ ಸಪ್ಲೈಯರ್ ಕೊಡುವ ಉತ್ತರಕ್ಕೂ ಇರುವಷ್ಟೇ. ಎ3 ಹಾಳೆಯನ್ನು ಮುದ್ರಿಸಬಲ್ಲ ಯಂತ್ರದ ತಟ್ಟೆಯಲ್ಲಿ ಈಗ ಎ3 ಹಾಳೆ ಇಲ್ಲದಿರಬಹುದು. ಹಳೆಯ ವ್ಯವಸ್ಥೆಗೆ ಬೋರ್ಡು ಮಾತ್ರ ಗೊತ್ತಿತ್ತು.

ಉತ್ತರ ಬರುವ ಬಗೆಯೂ ಹಸನಾಯಿತು. ಹಾಳೆಯ ಹೆಸರು ಈಗ ‘ಐಎಸ್ಒ ಎ4 210x297ಎಂಎಂ’ ಎಂಬಂತೆ ತನ್ನ ಅಳತೆಯನ್ನು ತಾನೇ ಹೇಳಿಕೊಳ್ಳುತ್ತದೆ. ಲೈಬ್ರರಿ ಅದನ್ನು ಮಿಲಿಮೀಟರಿನ ನೂರನೇ ಒಂದು ಪಾಲಿನಲ್ಲಿ ಎಣಿಸುತ್ತದೆ. ಎ4 ಎಂದರೆ 21000 ಅಗಲ, 29700 ಉದ್ದ. ಹಿಂದೆ ಇದೇ ಹಾಳೆ ಅಂಗುಲದ 72ನೇ ಒಂದು ಪಾಲಿನ ಲೆಕ್ಕದಲ್ಲಿ 595 ಮತ್ತು 842 ಎಂದು ಅಂದಾಜಾಗುತ್ತಿತ್ತು.

ಮೂರನೆಯದು ಒಪ್ಪಿಸುವುದು. ಇಲ್ಲಿ ಕಪ್ಸ್ ವಿಂಡೋಸ್‌ನ ದಾರಿ ಹಿಡಿಯಲಿಲ್ಲ. ಪ್ರೋಗ್ರಾಮರ್‌ನಿಂದ ಗೆರೆ, ಅಕ್ಷರ ಬರೆಸಿಕೊಳ್ಳದೆ, ಬರೆದು ಮುಗಿದ ದಾಖಲೆಯನ್ನು ಪಡೆಯುತ್ತದೆ. ಜಾಬ್ ಸೃಷ್ಟಿ, ದಾಖಲೆಯ ಆರಂಭ, ದತ್ತಾಂಶದ ಬರವಣಿಗೆ, ದಾಖಲೆಯ ಮುಕ್ತಾಯ: ನಾಲ್ಕು ಹೆಜ್ಜೆಗೆ ನಾಲ್ಕು ಫಂಕ್ಷನ್. ಒಂದೇ ಫಂಕ್ಷನ್‌ಗೆ ಫೈಲಿನ ಹೆಸರು ಕೊಟ್ಟು ಮುಗಿಸುವ ಹಳೆಯ ‘ಕಪ್ಸ್‌ಪ್ರಿಂಟ್‌ಫೈಲ್’ ಸಲೀಸಾಗಿತ್ತು, ನಿಜ. ಆದರೆ ಹೆಜ್ಜೆಗಳನ್ನು ಬಿಡಿಸಿದ್ದರಿಂದ ದಾಖಲೆ ಪೂರ್ತಿ ತಯಾರಾಗುವ ಮೊದಲೇ ಜಾಬ್‌ಗೆ ಸಂಖ್ಯೆ ಸಿಗುತ್ತದೆ, ತಾತ್ಕಾಲಿಕ ಫೈಲಿಲ್ಲದೆ ದತ್ತಾಂಶ ಹರಿಯುತ್ತದೆ, ಮಧ್ಯದಲ್ಲಿ ಎಡವಿದರೆ ಎಡವಿದ್ದು ಎಲ್ಲಿ ಎಂದು ತಿಳಿಯುತ್ತದೆ.

ನಾಲ್ಕನೆಯ ಬೆನ್ನುಹತ್ತುವ ಕೆಲಸವನ್ನು ನಮ್ಮ ತಂತ್ರಾಂಶಗಳು ಅತಿ ಹೆಚ್ಚು ಕಡೆಗಣಿಸಿವೆ. ಐಪಿಪಿಯಲ್ಲಿ ಜಾಬ್‌ನ ಸ್ಥಿತಿಗೆ 3ರಿಂದ 9ರವರೆಗೆ ಏಳು ಅಂಕಿಗಳಿವೆ: ಕಾಯುತ್ತಿದೆ, ತಡೆಹಿಡಿದಿದೆ, ನಡೆಯುತ್ತಿದೆ, ನಡುವೆ ನಿಂತಿದೆ, ರದ್ದಾಗಿದೆ, ಕೆಟ್ಟು ಬಿದ್ದಿದೆ, ಮುಗಿದಿದೆ. ಜೊತೆಗೆ ಕಾರಣವೂ ಗೊತ್ತಾದ ಸಂಕೇತಪದಗಳಲ್ಲಿ ಬರುತ್ತದೆ: ಹಾಳೆ ಖಾಲಿ, ಹಾಳೆ ಸಿಕ್ಕಿಕೊಂಡಿದೆ, ಟೋನರ್ ಕಡಿಮೆ. ಸಂಕೇತ ಒಂದೇ ಆದ್ದರಿಂದ ಅದನ್ನು ಕನ್ನಡದಲ್ಲಿ ತೋರಿಸುವುದು ಹತ್ತಾರು ಸಾಲಿನ ಕೆಲಸ. ಆದರೂ ಎಷ್ಟೋ ತಂತ್ರಾಂಶಗಳು ಜಾಬ್ ಕಳಿಸಿದೊಡನೆ ‘ಪ್ರಿಂಟ್ ಆಯಿತು’ ಎಂದು ಘೋಷಿಸಿ ಮುಂದಕ್ಕೆ ಹೋಗುತ್ತವೆ. ಕೌಂಟರಿನ ಆಚೆ ನಿಂತವರು ರಸೀದಿಗೆ ಕಾಯುತ್ತಲೇ ಇರುತ್ತಾರೆ. ಇದರಲ್ಲಿ ಕಪ್ಸ್‌ನ ಪಾಲೂ ಒಂದಿಷ್ಟಿದೆ. ಬರೀ ದತ್ತಾಂಶವನ್ನು ಸುರಿಸಿಕೊಳ್ಳುವ ಹಳೆಯ ಬಗೆಯ ಸಂಪರ್ಕಗಳಲ್ಲಿ ‘ಮುಗಿದಿದೆ’ ಎಂದರೆ ಕಳಿಸಿ ಮುಗಿದಿದೆ ಎಂದಷ್ಟೇ ಅರ್ಥ; ಹಾಳೆ ಹೊರಬಿದ್ದದ್ದಕ್ಕೆ ಅದು ಸಾಕ್ಷಿಯಾಗದು.

ಫೈಲುಗಳ ಕಾಡು

ಕಪ್ಸ್‌ನ ಮೊದಲ ಹನ್ನೆರಡು ಹದಿಮೂರು ವರ್ಷಗಳಲ್ಲಿ ಎರಡನೆಯ ಕೆಲಸ, ಅಂದರೆ ವಿಚಾರಿಸುವುದು, ಪ್ರಿಂಟರ್‌ನ ತನಕ ತಲುಪುತ್ತಲೇ ಇರಲಿಲ್ಲ. ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದದ್ದು ಪಿಪಿಡಿ ಎಂಬ ಪಠ್ಯದ ಫೈಲು. ಅಡೋಬಿ ಕಂಪನಿ ತನ್ನ ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರ್‌ಗಳ ವಿವರಣೆಗೆಂದು ರೂಪಿಸಿದ್ದು ಅದು. ಪೋಸ್ಟ್‌ಸ್ಕ್ರಿಪ್ಟ್ ಬಾರದ ಅಗ್ಗದ ಯಂತ್ರಗಳಿಗೂ ಕಪ್ಸ್ ಅದೇ ಅಂಗಿಯನ್ನು ತೊಡಿಸಿತು. ಯಾವ ಫಿಲ್ಟರ್ ಮೂಲಕ ದಾಖಲೆಯನ್ನು ಹಾಯಿಸಬೇಕು ಎಂಬ ಸಾಲೊಂದನ್ನು ಫೈಲಿಗೆ ಸೇರಿಸಿದರೆ ಸಾಕಿತ್ತು.

ಆ ಕಾಲಕ್ಕೆ ಇದು ಜಾಣ ನಡೆಯೇ. ಫಿಲ್ಟರ್‌ಗಳ ಸರಪಣಿ ಕಪ್ಸ್‌ನ ಅತಿ ಸೊಗಸಾದ ಭಾಗ ಎಂದು ನಾವು ಇಂದಿಗೂ ಎಣಿಸುತ್ತೇವೆ. ಯಾವ ಬಗೆಯ ಫೈಲಿನಿಂದ ಯಾವ ಬಗೆಗೆ ಪರಿವರ್ತಿಸಲು ಯಾವ ಫಿಲ್ಟರ್, ಅದರ ಖರ್ಚು ಎಷ್ಟು ಎಂಬ ಪಟ್ಟಿ ಸರ್ವರ್ ಬಳಿ ಇರುತ್ತದೆ. ಬಂದ ದಾಖಲೆಯಿಂದ ಪ್ರಿಂಟರ್‌ಗೆ ಅರ್ಥವಾಗುವ ರೂಪಕ್ಕೆ ಹೋಗುವ ದಾರಿಗಳಲ್ಲಿ ಒಟ್ಟು ಖರ್ಚು ಕಡಿಮೆ ಇರುವುದನ್ನು ಅದು ಆರಿಸಿಕೊಳ್ಳುತ್ತದೆ. ಪ್ರೋಗ್ರಾಮರ್‌ಗೆ ಇದರ ಸುಳಿವೂ ಇರಬೇಕಿಲ್ಲ. 2006ರಲ್ಲಿ ಮುದ್ರಣ ತಂತ್ರಾಂಶದ ಮಂದಿ ಸಭೆ ಸೇರಿ, ಜಾಬ್‌ಗಳು ಪೋಸ್ಟ್‌ಸ್ಕ್ರಿಪ್ಟ್ ಬಿಟ್ಟು ಪಿಡಿಎಫ್ ರೂಪದಲ್ಲಿ ಸಾಗಲಿ ಎಂದು ಒಪ್ಪಿಕೊಂಡಾಗಲೂ ಮೇಲಿನ ಫಂಕ್ಷನ್‌ಗಳು ಅಲುಗಲಿಲ್ಲ. ಸರಪಣಿಯ ಕೊಂಡಿಗಳು ಮಾತ್ರ ಬದಲಾದವು.

ಪಿಪಿಡಿ ಮಾತ್ರ ಕಾಡಾಗಿ ಬೆಳೆಯಿತು. ಮಾದರಿಗೊಂದು ಫೈಲು, ಭಾಷೆಗೊಂದು ಫೈಲು, ಕಂಪನಿಗೊಂದು ಬರವಣಿಗೆಯ ಶೈಲಿ. ಎರಡೂ ಮಗ್ಗುಲು ಮುದ್ರಿಸುವ ಭಾಗವನ್ನು ಯಂತ್ರಕ್ಕೆ ಜೋಡಿಸಿದ್ದಾರೋ ಇಲ್ಲವೋ ಎಂಬುದು ಫೈಲಿಗೆ ಗೊತ್ತಿರುತ್ತಿರಲಿಲ್ಲ. ಯಾರಾದರೂ ‘ಜೋಡಿಸಿದೆ’ ಎಂದು ಗುರುತು ಹಾಕಬೇಕಿತ್ತು. ಹಾಕದಿದ್ದರೆ ಯಂತ್ರಕ್ಕಿದ್ದ ಶಕ್ತಿ ಪರದೆಯ ಮೇಲೆ ಮಸುಕಾಗಿಯೇ ಉಳಿಯುತ್ತಿತ್ತು. ಕಂಪ್ಯೂಟರ್ ತನಗೆ ಗೊತ್ತು ಎಂದುಕೊಂಡಿದ್ದಕ್ಕೂ ಯಂತ್ರದ ನಿಜಸ್ಥಿತಿಗೂ ತಾಳೆಯಾಗದ ಇಂಥ ಪ್ರಸಂಗಗಳನ್ನು ಯಾವ ಕಚೇರಿಯ ಸಿಸ್ಟಮ್ ನೋಡಿಕೊಳ್ಳುವವರನ್ನು ಕೇಳಿದರೂ ಹೇಳುತ್ತಾರೆ.

ಫೋನು ತಂದ ತಿರುವು

ಕಾಡಿನಿಂದ ಹೊರಬರುವ ದಾರಿ ತೋರಿಸಿದ್ದು ಮೊಬೈಲು. ಆಪಲ್ 2002ರಲ್ಲೇ ಕಪ್ಸನ್ನು ಮ್ಯಾಕ್‌ಗೆ ಅಳವಡಿಸಿಕೊಂಡಿತ್ತು. 2007ರಲ್ಲಿ ಅದರ ಮೂಲ ಸಂಕೇತವನ್ನು ಕೊಂಡು ಸ್ವೀಟ್ ಅವರನ್ನೂ ನೌಕರಿಗೆ ಸೇರಿಸಿಕೊಂಡಿತು. 2010ರಲ್ಲಿ ಐಫೋನು, ಐಪ್ಯಾಡುಗಳಿಂದ ಪ್ರಿಂಟ್ ಮಾಡಲು ಏರ್‌ಪ್ರಿಂಟ್ ಬಂತು. ಸಾವಿರಾರು ಮಾದರಿಗಳ ಡ್ರೈವರುಗಳನ್ನು ಫೋನಿನಲ್ಲಿ ತುಂಬಿಡುವುದು ಆಗದ ಮಾತು. ಆದ್ದರಿಂದ ಪ್ರಿಂಟರೇ ನೆಟ್‌ವರ್ಕಿನಲ್ಲಿ ತನ್ನ ಇರವನ್ನು ಸಾರಬೇಕು, ಐಪಿಪಿಯಲ್ಲಿ ಕೇಳಿದ್ದಕ್ಕೆ ಉತ್ತರಿಸಬೇಕು, ಎಲ್ಲರಿಗೂ ಗೊತ್ತಿರುವ ಕೆಲವೇ ರೂಪಗಳಲ್ಲಿ ದಾಖಲೆ ಸ್ವೀಕರಿಸಬೇಕು. 2013ರಲ್ಲಿ ಪ್ರಿಂಟರ್ ವರ್ಕಿಂಗ್ ಗ್ರೂಪ್ ಇದೇ ತತ್ತ್ವವನ್ನು ಐಪಿಪಿ ಎವ್ರಿವೇರ್ ಎಂಬ ಮುಕ್ತ ಮಾನದಂಡವಾಗಿ ಹೊರತಂದಿತು.

ಲೈಬ್ರರಿಯಲ್ಲಿ ಈ ತಿರುವು 2012ರಲ್ಲೇ ಕಂಡಿತ್ತು. ಪ್ರಿಂಟರನ್ನೇ ಕೇಳುವ ಹೊಸ ಫಂಕ್ಷನ್‌ಗಳು ಬಂದ ಆವೃತ್ತಿಯಲ್ಲೇ ಪಿಪಿಡಿ ಓದುವ ಫಂಕ್ಷನ್‌ಗಳಿಗೆ ನಿವೃತ್ತಿಯ ಸೂಚನೆಯೂ ಹೊರಟಿತು. ಮೂರನೇ ತಲೆಮಾರಿನ ಲಿಬ್‌ಕಪ್ಸ್‌ನಲ್ಲಿ ಅವು ಇಲ್ಲವೇ ಇಲ್ಲ. ಲೈಬ್ರರಿ, ಸ್ವಂತ ಕಂಪ್ಯೂಟರಿನ ಮುದ್ರಣ, ಹಂಚಿಕೊಳ್ಳುವ ಸರ್ವರ್ ಎಂದು ಮನೆ ಮೂರು ಪಾಲಾಗಿದೆ. ವಿಂಡೋಸ್ ಕೂಡ ಈಗ ಇದೇ ದಾರಿಗೆ ಬಂದಿದೆ: ಹೊರಗಿನ ಕಂಪನಿಗಳ ಪ್ರಿಂಟರ್ ಡ್ರೈವರುಗಳಿಗೆ ಬೆಂಬಲವನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು.

ಒಡೆತನದ ಕಥೆಯನ್ನೂ ಇಲ್ಲೇ ಮುಗಿಸೋಣ. 2019ರ ಕೊನೆಗೆ ಸ್ವೀಟ್ ಆಪಲ್ ಬಿಟ್ಟರು. ಮರುವರ್ಷ ಆಪಲ್‌ನ ಭಂಡಾರದಲ್ಲಿ ಕೆಲಸ ಬಹುತೇಕ ನಿಂತಿತು. ಲಿನಕ್ಸ್ ಫೌಂಡೇಶನ್‌ನ ಆಶ್ರಯದಲ್ಲಿರುವ, ಟಿಲ್ ಕಾಂಪೆಟರ್ ಮುನ್ನಡೆಸುತ್ತ ಬಂದಿದ್ದ ಓಪನ್‌ಪ್ರಿಂಟಿಂಗ್ ಬಳಗ ಅದರ ಕವಲೊಂದನ್ನು ಎತ್ತಿಕೊಂಡಿತು. ಸ್ವೀಟ್ ಅಲ್ಲಿಯೇ ಕೆಲಸ ಮುಂದುವರಿಸಿದರು. 2021ರ 2.4ನೇ ಆವೃತ್ತಿ ಆ ಮನೆಯಿಂದ ಬಂತು. ಒಂದು ಕಂಪನಿ ಕೈಬಿಟ್ಟರೂ ಲೋಕವೆಲ್ಲ ಬಳಸುವ ಲೈಬ್ರರಿ ಅನಾಥವಾಗಲಿಲ್ಲ. ಮುಕ್ತ ಪರವಾನಗಿಯ ಬೆಲೆ ಏನೆಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಡ. ಗೂಗಲ್ ಸಮರ್ ಆಫ್ ಕೋಡ್ ಮೂಲಕ ಈ ಬಳಗಕ್ಕೆ ಬಂದು ದುಡಿದವರಲ್ಲಿ ಭಾರತದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಹಳ ಮಂದಿ.

ನಂಬಿದ್ದಕ್ಕೆ ಬಿದ್ದ ಪೆಟ್ಟು

2024ರ ಸೆಪ್ಟೆಂಬರಿನಲ್ಲಿ ಸಿಮೋನೆ ಮಾರ್ಗರಿಟೆಲ್ಲಿ ಎಂಬ ಭದ್ರತಾ ಸಂಶೋಧಕರು ಕಪ್ಸ್ ಸುತ್ತಲಿನ ನಾಲ್ಕು ಲೋಪಗಳನ್ನು ಬಯಲಿಗೆಳೆದರು. ನೆಟ್‌ವರ್ಕಿನ ಪ್ರಿಂಟರ್‌ಗಳನ್ನು ಹುಡುಕಿ ಸೇರಿಸುವ ‘ಕಪ್ಸ್-ಬ್ರೌಸ್ಡ್’ ಎಂಬ ಸಹಾಯಕ ಪ್ರೋಗ್ರಾಂ 631ನೇ ಪೋರ್ಟಿನಲ್ಲಿ ಕಿವಿತೆರೆದು ಕೂತಿರುತ್ತಿತ್ತು. ಯಾರು ‘ನಾನೊಂದು ಪ್ರಿಂಟರ್’ ಎಂದರೂ ನಂಬುತ್ತಿತ್ತು. ಆ ಸೋಗಿನ ಪ್ರಿಂಟರ್ ಕೊಟ್ಟ ಗುಣಲಕ್ಷಣಗಳನ್ನು ಶೋಧಿಸದೆ ಒಂದು ಪಿಪಿಡಿ ಫೈಲಿಗೆ ಬರೆಯಲಾಗುತ್ತಿತ್ತು. ಆ ಫೈಲಿನಲ್ಲಿ ನುಸುಳಿಸಿದ ಆದೇಶವನ್ನು, ಬಳಕೆದಾರ ಆ ಪ್ರಿಂಟರ್‌ಗೆ ಏನನ್ನಾದರೂ ಕಳಿಸಿದ ಕೂಡಲೇ, ಹಳೆಯ ಫಿಲ್ಟರೊಂದು ನಡೆಸಿಬಿಡುತ್ತಿತ್ತು. ವಿಂಡೋಸ್ 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಲೋಪದಿಂದ ಇಂಥದೇ ಕಷ್ಟ ಅನುಭವಿಸಿತ್ತು.

ತೇಪೆಗಳು ಬಂದವು, ಗದ್ದಲ ಅಡಗಿತು. ಆದರೆ ಸರಣಿಯನ್ನು ಮತ್ತೊಮ್ಮೆ ಗಮನಿಸಬೇಕು. ಹೊಸ ಪದ್ಧತಿಯಂತೆ ಪ್ರಿಂಟರನ್ನು ಕೇಳಿದರು. ಹಳೆಯ ಪದ್ಧತಿಯ ಫೈಲಿಗೆ ಉತ್ತರವನ್ನು ಸುರಿದರು. ಪ್ರಿಂಟರ್‌ನ ಮಾತು ಹೊರಗಿನವರ ಮಾತು, ಅದನ್ನು ಜಾಲರಿ ಹಿಡಿದೇ ಒಳಗೆ ಬಿಡಬೇಕು ಎಂಬ ಎಚ್ಚರ ಎರಡು ಪದ್ಧತಿಗಳ ನಡುವಿನ ಸಂದಿಯಲ್ಲಿ ಕಳೆದುಹೋಯಿತು. ವೆಬ್ ಬರೆಯುವವರಿಗೆ ಈ ಎಚ್ಚರ ಪಾಠದ ಮೊದಲ ದಿನವೇ ಸಿಗುತ್ತದೆ. ಮುದ್ರಣದ ಜಗತ್ತಿಗೆ ಅದು ತಡವಾಗಿ ಬಂತು. ನಮ್ಮ ಜಮಾಖರ್ಚಿನಲ್ಲಿ ಖರ್ಚಿನ ಬದಿಯ ಅತಿ ದೊಡ್ಡ ಬಾಬತ್ತು ಇದೇ.

ಬಾಕಿಗಳು

ಮೊದಲ ಬಾಕಿ ಹಳೆಯ ಯಂತ್ರಗಳದ್ದು. ಜೆರಾಕ್ಸ್ ಅಂಗಡಿ, ವಕೀಲರ ಕಚೇರಿ, ಸಹಕಾರ ಸಂಘಗಳಲ್ಲಿ ಇಂದಿಗೂ ದುಡಿಯುವ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020ರಂಥವು ಐಪಿಪಿ ಬಲ್ಲವಲ್ಲ. 1020ಕ್ಕೆ ತನ್ನ ಫರ್ಮ್‌ವೇರ್ ಕೂಡ ಸ್ವಂತದ್ದಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರ್ ಅದನ್ನು ಉಣಿಸಬೇಕು. ಬುದ್ಧಿಯೆಲ್ಲ ಡ್ರೈವರಿನಲ್ಲಿ ಇಟ್ಟು ಯಂತ್ರವನ್ನು ಅಗ್ಗ ಮಾಡಿದ ಕಾಲದ ಕೂಸುಗಳಿವು. ಡ್ರೈವರೇ ಬೇಡ ಎನ್ನುವ ವ್ಯವಸ್ಥೆಯಲ್ಲಿ ಇವುಗಳ ಗತಿ ಏನು? ಓಪನ್‌ಪ್ರಿಂಟಿಂಗ್‌ನ ಉತ್ತರ ‘ಪ್ರಿಂಟರ್ ಅಪ್ಲಿಕೇಶನ್’: ಹಳೆಯ ಡ್ರೈವರನ್ನು ಒಳಗಿಟ್ಟುಕೊಂಡು ಹೊರಗೆ ಐಪಿಪಿ ಪ್ರಿಂಟರ್‌ನಂತೆ ನಡೆದುಕೊಳ್ಳುವ ಪುಟ್ಟ ಪ್ರೋಗ್ರಾಂ. ಇಂಥವನ್ನು ಕಟ್ಟಲು ಸ್ವೀಟ್ ‘ಪ್ಯಾಪಲ್’ ಎಂಬ ಬೇರೆ ಲೈಬ್ರರಿಯನ್ನೇ ಬರೆದಿದ್ದಾರೆ. ಉಪಾಯ ಚೊಕ್ಕವಾಗಿದೆ; ಆದರೆ ಡ್ರೈವರನ್ನು ಕಂಪನಿಯೇ ಮುಚ್ಚಿಟ್ಟಿರುವ ಕಡೆ ಅದಕ್ಕೂ ಕೈಕಟ್ಟು.

ಎರಡನೆಯದು ನಮ್ಮದೇ ಬಾಕಿ, ಕನ್ನಡದ್ದು. ಐಪಿಪಿಯ ಪ್ರತಿ ಕೋರಿಕೆಯ ತಲೆಯಲ್ಲಿ ಮೊದಲು ಅಕ್ಷರಗಳ ಸಂಕೇತಪದ್ಧತಿ ಯಾವುದು, ಆಮೇಲೆ ಭಾಷೆ ಯಾವುದು ಎಂದು ಹೇಳಲೇಬೇಕು. ಯುಟಿಎಫ್-8 ಎಲ್ಲ ಪ್ರಿಂಟರುಗಳಿಗೂ ಕಡ್ಡಾಯ. ಹೀಗಾಗಿ ಜಾಬ್‌ಗೆ ‘ಗ್ರಾಮಸಭೆ ನಡಾವಳಿ’ ಎಂದು ಹೆಸರಿಟ್ಟರೆ ಅದು ಕೆಡದೆ ಸಾಗುತ್ತದೆ. ದಾಖಲೆಯ ಒಳಗಿನ ಕನ್ನಡದ ಮಾತೇ ಬೇರೆ. ಒತ್ತಕ್ಷರ, ಗುಣಿತ, ಅರ್ಕಾವೊತ್ತುಗಳನ್ನು ಜೋಡಿಸುವ ಕೆಲಸ ಲಿಬ್‌ಕಪ್ಸ್‌ನದಲ್ಲ. ಅದನ್ನು ಪ್ಯಾಂಗೊ, ಹಾರ್ಫ್‌ಬಝ್‌ಗಳಂಥ ಲೈಬ್ರರಿಗಳು ಮಾಡಿ, ಫಾಂಟ್ ಸಮೇತ ಪಿಡಿಎಫ್ ಆಗಿಸಿ ಒಪ್ಪಿಸಬೇಕು. ಬರೀ ಪಠ್ಯದ ಫೈಲನ್ನು ಹಾಗೆಯೇ ಕಳಿಸಿದರೆ, ಅಕ್ಷರವೊಂದಕ್ಕೆ ಚೌಕವೊಂದು ಎಂದು ಎಣಿಸುವ ಫಿಲ್ಟರ್ ‘ಕ್ಷೇತ್ರ’ವನ್ನು ಚೂರು ಮಾಡಿ ಹರಡುತ್ತದೆ. ಇದಕ್ಕೆಂದೇ ಪ್ಯಾಂಗೊ ಆಧರಿಸಿದ ‘ಪ್ಯಾಪ್ಸ್’ ಎಂಬ ಪ್ರೋಗ್ರಾಂ ಹುಟ್ಟಿತು. ಫೆಡೋರಾ ಅದನ್ನು ಪಠ್ಯದ ಫಿಲ್ಟರ್ ಆಗಿಯೂ ಬಳಸಿತು. ಕನ್ನಡ ಮುದ್ರಣ ಕೆಟ್ಟಾಗ ಪ್ರಿಂಟರನ್ನೋ ಕಪ್ಸನ್ನೋ ಬೈಯುವ ಮೊದಲು, ಅದರ ಕೈಗೆ ನಾವು ಏನನ್ನು ಕೊಟ್ಟೆವು ಎಂದು ನೋಡಿಕೊಳ್ಳಬೇಕು. ಲೈಬ್ರರಿ ಈ ಜವಾಬ್ದಾರಿ ಹೊರದಿರುವುದು ಸರಿ ಎಂದೇ ನಮ್ಮ ಅಭಿಪ್ರಾಯ. ಅಕ್ಷರ ಜೋಡಣೆ ಒಂದೇ ಕಡೆ ನಡೆದರೆ ಪರದೆಯ ಕನ್ನಡವೂ ಹಾಳೆಯ ಕನ್ನಡವೂ ಒಂದೇ ಆಗಿರುತ್ತವೆ.

ಮುಂದಿನ ದಾರಿಗೆ

ಲೆಕ್ಕ ನೋಡಿದ ಮೇಲೆ ಕೆಲವು ಮಾತುಗಳನ್ನು ನೇರವಾಗಿ ಹೇಳಬೇಕು. ತಂತ್ರಾಂಶ ಬರೆಯುವವರು ‘ಎಲ್‌ಪಿಆರ್’ ಆದೇಶಕ್ಕೆ ಫೈಲಿನ ಹೆಸರು ಅಂಟಿಸಿ ಓಡಿಸುವ ಹಳೆಯ ಚಾಳಿ ಬಿಡಬೇಕು. ಹೆಸರಿನಲ್ಲಿ ಒಂದು ಖಾಲಿ ಜಾಗವೋ ಉದ್ಧರಣ ಚಿಹ್ನೆಯೋ ಇದ್ದರೆ ಅದು ಮುರಿಯುತ್ತದೆ, ಕೇಡಿಗರಿಗೆ ಬಾಗಿಲೂ ಆಗುತ್ತದೆ. ಪಿಪಿಡಿ ಓದುವ ಸಂಕೇತ ಇನ್ನೂ ಉಳಿದಿದ್ದರೆ ಈಗಲೇ ತೆಗೆಯಬೇಕು. ದಾಖಲೆಯನ್ನು ಪಿಡಿಎಫ್‌ನಲ್ಲಿ ಕಳಿಸಬೇಕು. ಜಾಬ್‌ನ ಸ್ಥಿತಿ ವಿಚಾರಿಸಿ, ಹಾಳೆ ಮುಗಿದಿದ್ದರೆ ಹಾಗೆಂದು ಬಳಕೆದಾರರಿಗೆ ಅವರ ಭಾಷೆಯಲ್ಲಿ ಹೇಳಬೇಕು. ಪ್ರಿಂಟರ್ ಕೊಟ್ಟ ಹೆಸರು, ವಿವರ ಏನೇ ಇರಲಿ, ಅಪರಿಚಿತರ ಪತ್ರದಂತೆ ನೋಡಿಯೇ ಬಳಸಬೇಕು.

ಕೊಳ್ಳುವವರಿಗೂ ಒಂದು ಮಾತಿದೆ. ಶಾಲೆ, ಪಂಚಾಯಿತಿ, ಇಲಾಖೆಗಳ ಟೆಂಡರುಗಳಲ್ಲಿ ನಿಮಿಷಕ್ಕೆ ಎಷ್ಟು ಪುಟ, ಟೋನರ್ ಬೆಲೆ ಎಷ್ಟು ಎಂಬುದರ ಜೊತೆಗೆ ಐಪಿಪಿ ಎವ್ರಿವೇರ್ ಅಥವಾ ಏರ್‌ಪ್ರಿಂಟ್ ಬೆಂಬಲ ಕಡ್ಡಾಯ ಎಂಬ ಒಂದು ಸಾಲು ಸೇರಲಿ. ಅಷ್ಟರಿಂದ ಆ ಯಂತ್ರ ಒಂದು ಕಂಪನಿಯ ಡ್ರೈವರಿಗೂ ಒಂದು ಆಪರೇಟಿಂಗ್ ಸಿಸ್ಟಮ್‌ಗೂ ಜೀತವಾಗುವುದು ತಪ್ಪುತ್ತದೆ. ಹತ್ತು ವರ್ಷದ ನಂತರ ಕಂಪ್ಯೂಟರ್ ಬದಲಾದರೂ ಪ್ರಿಂಟರ್ ಬದಲಿಸಬೇಕಾಗುವುದಿಲ್ಲ.

ತಂತ್ರಾಂಶದ ಲೋಕದಲ್ಲಿ ಬೆಳವಣಿಗೆಯನ್ನು ಸಾಮಾನ್ಯವಾಗಿ ಸೇರಿದ್ದರಿಂದ ಅಳೆಯುತ್ತಾರೆ. ಕಪ್ಸ್‌ನ ಎರಡನೇ ಅರ್ಧವನ್ನು ಅಳೆಯಬೇಕಾದದ್ದು ಕಳೆದದ್ದರಿಂದ: ಡ್ರೈವರು, ಫೈಲು, ಊಹೆ ಒಂದೊಂದಾಗಿ ಹೊರಬಿದ್ದವು, ನಾಲ್ಕು ಕೆಲಸ ಉಳಿದವು. ಮುಂದಿನ ಸಿಂಹಾವಲೋಕನ ಬರೆಯುವವರಿಗೆ ಈ ಲೈಬ್ರರಿ ಇನ್ನಷ್ಟು ಸಣ್ಣದಾಗಿ ಕಂಡರೆ, ಅದನ್ನು ಜಮಾದ ಬದಿಯಲ್ಲೇ ಬರೆದುಕೊಳ್ಳಲಿ.